ಕಾಂತೀಯ ಶ್ವೇತಕುಬ್ಜ: ರೇಖೆಯ ಅಗಲ ನೋಡಿದರೆ ಸಾಲದು

ರೋಹಿತದ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯ) ರೇಖೆ ಎಷ್ಟು ಅಗಲವಾಗಿದೆ ಅಂತ ನೋಡಿದರೆ ಕಾಂತೀಯ ಶ್ವೇತಕುಬ್ಜ, ಅಂದರೆ ಇಂಧನ ಮುಗಿದ ನಕ್ಷತ್ರದ ಕಾಂತಕ್ಷೇತ್ರವಿರುವ ಸಾಂದ್ರ ತಿರುಳು, ತಿರುಗುವ ವೇಗ ಗೊತ್ತಾಗಲ್ವಾ ಅಂತ ಕೇಳಿದ್ದೀರಿ. ಎಷ್ಟೋ ನಕ್ಷತ್ರಗಳಿಗೆ ಅದೇ ದಾರಿ. ಇಲ್ಲಿ ಮಾತ್ರ ಗುರುತ್ವ ವಿಪರೀತ ಜಾಸ್ತಿ. ಆ ಒತ್ತಡಕ್ಕೇ ಹೈಡ್ರೋಜನ್ ರೇಖೆಗಳು ಹರಡಿಬಿಡುತ್ತವೆ. ಮೇಲಿಂದ ಕಾಂತಕ್ಷೇತ್ರ ಅವನ್ನು ಸೀಳುತ್ತದೆ. ತಿರುಗುವಿಕೆಯ ಗುರುತು ಅದರಲ್ಲಿ ಮುಚ್ಚಿಹೋಗುತ್ತದೆ.

ಆದರೆ ಅದೇ ಕಾಂತಕ್ಷೇತ್ರ ನೆರವಿಗೂ ಬರುತ್ತದೆ. ಅದು ಮೇಲ್ಮೈ ತುಂಬ ಒಂದೇ ಸಮ ಇರುವುದಿಲ್ಲ. ಹಾಗಾಗಿ ನಕ್ಷತ್ರ ತಿರುಗಿದಂತೆ ಬೆಳಕು ಏರಿಳಿಯಬಹುದು, ಧ್ರುವೀಕರಣವೂ (ಬೆಳಕಿನ ಅಲೆಗಳು ಕಂಪಿಸುವ ದಿಕ್ಕಿನ ಕ್ರಮ) ಬದಲಾಗಬಹುದು. ಆ ಏರಿಳಿತದ ಲಯವನ್ನೇ ಹಿಡಿಯಬೇಕು.

2021ರಲ್ಲಿ ಪ್ರಕಟವಾದ ಝಡ್‌ಟಿಎಫ್ ಜೆ1901+1458 ಎಂಬ ಶ್ವೇತಕುಬ್ಜವನ್ನು ನೋಡಿ; ಝಡ್‌ಟಿಎಫ್ ಅಂದರೆ ಅಮೆರಿಕದ ಪಾಲೊಮಾರ್ ವೀಕ್ಷಣಾಲಯದ ಆಕಾಶ ಸಮೀಕ್ಷೆ. ಚಂದ್ರನಿಗಿಂತ ಸ್ವಲ್ಪವೇ ದೊಡ್ಡದು, ದ್ರವ್ಯರಾಶಿ ಮಾತ್ರ ಸೂರ್ಯನಿಗಿಂತ ಜಾಸ್ತಿ! ಒಂದು ಸುತ್ತಿಗೆ 6.94 ನಿಮಿಷ. ಇಂಥದ್ದಕ್ಕೆ 20 ನಿಮಿಷದ ಎಕ್ಸ್‌ಪೋಷರ್ ಕೊಟ್ಟರೆ ಹೆಚ್ಚುಕಡಿಮೆ ಮೂರು ಸುತ್ತು ಒಂದೇ ಚಿತ್ರದಲ್ಲಿ ಕಲಸಿಹೋಗುತ್ತವೆ. ಆ ಸಮೀಕ್ಷೆಯ ಚಿತ್ರಗಳು ಸಾಮಾನ್ಯವಾಗಿ 30 ಸೆಕೆಂಡಿನವು, ಅದಕ್ಕೇ ಏರಿಳಿತ ಉಳಿಯಿತು.

ಎಲ್ಲವೂ ಇಷ್ಟು ಚುರುಕಲ್ಲ. 1970ರಲ್ಲಿ ಮೊದಲು ಗುರುತಿಸಿದ ಕಾಂತೀಯ ಶ್ವೇತಕುಬ್ಜ ಜಿಆರ್‌ಡಬ್ಲ್ಯು +70 8247. ದಶಕಗಳು ಕಳೆದರೂ ಅದರ ಧ್ರುವೀಕರಣ ಬದಲಾಗಿದ್ದು ತೀರಾ ಕಡಿಮೆ. ಅಂಥದ್ದಕ್ಕೆ ಹಳೆಯ ಅಳತೆಗಳೇ ಬಂಗಾರ.

ನೀವೇ ಡೇಟಾ ನೋಡುವುದಾದರೆ ಒಂದು ವಿಷಯ ಗಮನಿಸಿ. ಎರಡೂ ಕಾಂತಧ್ರುವಗಳು ಸರದಿಯಲ್ಲಿ ನಮ್ಮತ್ತ ಬಂದರೆ ಒಂದು ಸುತ್ತಿನಲ್ಲಿ ಬೆಳಕು ಎರಡು ಸಲ ಏರಬಹುದು. ಆಗ ಸಿಗುವ ಅವಧಿ ನಿಜದ ಅರ್ಧ. ವೃತ್ತೀಯ ಧ್ರುವೀಕರಣವನ್ನೂ (ಕಂಪನದ ದಿಕ್ಕು ಸುತ್ತುತ್ತಾ ಸಾಗುವ ಬಗೆ) ನೋಡಿ: ಧ್ರುವ ಬದಲಾದಾಗ ಅದರ ಚಿಹ್ನೆ ತಿರುವುಮುರುವಾಗುತ್ತದೆ.