ದಿನದ ದುಡಿಮೆ ಮತ್ತು ಸುವಾರ್ತೆ: ಮಂಡ್ಯದ ಸಹೋದರರಿಗೆ

ಮಂಡ್ಯದಿಂದ ಮೈಸೂರಿಗೆ ದಿನಾ ಟ್ರೈನಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ, ಮನೆಯಲ್ಲಿ ಹುಷಾರಿಲ್ಲದ ಅಮ್ಮ, ಸಣ್ಣ ಮಕ್ಕಳು, ಸುವಾರ್ತೆ, ಅಂದರೆ ಯೇಸುವಿನ ಶುಭಸಂದೇಶ, ಸಾರಲು ಸಮಯವೇ ಇಲ್ಲ, ಇದು ದೇವರ ಮುಂದೆ ತಪ್ಪಾ ಅಂತ ಕೇಳಿದ್ದೀರಿ. ಖಂಡಿತ ತಪ್ಪಲ್ಲ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ ಬೈಬಲಿನ 1 ತಿಮೊಥೆ 5:8ರಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದೆ ಅಲ್ವಾ? ಊರೂರಿಗೆ ಹೋಗಿ ಸುವಾರ್ತೆ ಸಾರಿದ ಪೌಲನೂ ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುವ ಕೆಲಸ ಮಾಡುತ್ತಿದ್ದ, ಸಬ್ಬತ್ ದಿನ, ಅಂದರೆ ಯೆಹೂದ್ಯರ ವಿಶ್ರಾಂತಿ ದಿನ, ಅವರ ಸಭಾಮಂದಿರದಲ್ಲಿ ಮಾತಾಡುತ್ತಿದ್ದ. ದುಡಿಮೆ ಅವನಿಗೆ ಅಡ್ಡಿಯಾಗಲಿಲ್ಲ.

ನಿಮ್ಮ ಟ್ರೈನನ್ನೇ ನೋಡಿ. ದಿನಾ ಅದೇ ಬೋಗಿ, ಹೆಚ್ಚುಕಮ್ಮಿ ಅದೇ ಮುಖಗಳು. ಯಲಿಯೂರು ದಾಟುವಷ್ಟರಲ್ಲಿ ಯಾರಾದರೂ ಮಗಳ ಪರೀಕ್ಷೆ, ಗದ್ದೆಗೆ ಬಾರದ ನಾಲೆ ನೀರು, ಸಾಲ ಅಂತ ಮನಸ್ಸು ಬಿಚ್ಚುತ್ತಾರೆ. ಮೊದಲು ಪೂರ್ತಿ ಕೇಳಿಸಿಕೊಳ್ಳಿ. ‘ನಿಮಗೋಸ್ಕರ ಪ್ರಾರ್ಥನೆ ಮಾಡಲಾ?’ ಅಂತ ಕೇಳಿ, ಬೇಡ ಅಂದರೆ ಸುಮ್ನೆ ಬಿಡಿ, ಒತ್ತಾಯ ಮಾಡಬೇಡಿ, ಸ್ನೇಹ ಮಾತ್ರ ಬಿಡಬೇಡಿ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಅವರೇ ಕೇಳಿದಾಗ ಸಾತ್ವಿಕವಾಗಿ, ಗೌರವದಿಂದ ಹೇಳಿ ಅನ್ನುವುದೇ 1 ಪೇತ್ರ 3:15ರ ಮಾತು. ಆಫೀಸಿನ ಸಮಯದಲ್ಲಿ ಮಾತ್ರ ಕೆಲಸ ಬಿಟ್ಟು ಬೋಧನೆ ಬೇಡ, ಆ ಸಮಯಕ್ಕೆ ಸಂಬಳ ತಗೊಂಡಿದ್ದೀರಿ.

ಇನ್ನು ಮನೆ. ದೆವ್ವ ಬಿಟ್ಟುಹೋದ ಮನುಷ್ಯ ತನ್ನ ಜೊತೆ ಬರುತ್ತೇನೆ ಅಂದಾಗ ಯೇಸು ಒಪ್ಪಲಿಲ್ಲ, ‘ನಿನ್ನ ಮನೆಯವರ ಹತ್ತಿರ ಹೋಗಿ ಹೇಳು’ ಅಂತ ಕಳಿಸಿದ, ಮಾರ್ಕ 5ನೇ ಅಧ್ಯಾಯದಲ್ಲಿದೆ. ರಾತ್ರಿ ಅಮ್ಮನ ಮಂಚದ ಪಕ್ಕ ಮಕ್ಕಳನ್ನು ಕೂರಿಸಿಕೊಂಡು ಅದನ್ನೇ ಓದಿ. ಇವತ್ತೇ ಶುರು ಮಾಡಿ.