ದಸರಾ ತಿಂಗಳ ಶೆಡ್ಯೂಲ್: ಗ್ರೈಂಡಿಂಗ್‌ನಿಂದ ಲೆಕ್ಕ ಹಾಕಿ

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಪಿನ್ ಕಡೆಯಲು ಎರಡು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್, ಅದನ್ನು ತಿರುಗುವ ಕಲ್ಲಿನಿಂದ ಉಜ್ಜಿ ಸೈಜ್‌ಗೆ ತರಲು ಒಂದು ಗ್ರೈಂಡಿಂಗ್ ಮಷಿನ್, ಎರಡು ಪಾಳಿ. ತಿಂಗಳಿಗೆ 6,000 ಪಿನ್ ಕೊಡಬೇಕು. ಗ್ರೈಂಡಿಂಗ್‌ಗೆ ಒಂದಕ್ಕೆ 3 ನಿಮಿಷ. ಗ್ರೈಂಡಿಂಗ್ ಮುಂದೆ ಮಾಲು ರಾಶಿ ಬಿದ್ದಿರುತ್ತದೆ, ಕೊನೆಯ ವಾರ ಓವರ್‌ಟೈಮ್ ಮಾಡಿಸಿದರೂ ಶೆಡ್ಯೂಲ್ ಮುಟ್ಟುವುದಿಲ್ಲ. ಈ ತಿಂಗಳು ದಸರಾ ರಜೆ ಬೇರೆ. ಏನು ಮಾಡಬೇಕು?

ಉತ್ತರ: ನಿಮ್ಮ ತಿಂಗಳನ್ನು ತೀರ್ಮಾನಿಸುವುದು ಗ್ರೈಂಡಿಂಗ್ ಮಷಿನ್ ಒಂದೇ. ಲೇತ್‌ನ ವೇಗ ನೋಡಿ ಶೆಡ್ಯೂಲ್ ಒಪ್ಪಿಕೊಳ್ಳಬೇಡಿ.

ಪಾಳಿಗೆ 480 ನಿಮಿಷ. ಊಟ, ಎರಡು ಟೀ ಸೇರಿ 50 ಕಳೆದರೆ 430, ಅಂದರೆ 143 ಪಿನ್. ಕಲ್ಲಿನ ಡ್ರೆಸ್ಸಿಂಗ್ (ಸವೆದ ಕಲ್ಲಿನ ಮೈ ಸರಿಮಾಡುವುದು), ಅಳತೆ, ರಿಜೆಕ್ಷನ್ ಹೋಗಿ ಕೈಗೆ ಸಿಗುವುದನ್ನು ಶೇ. 85 ಎಂದಿಟ್ಟುಕೊಳ್ಳಿ. ಎರಡು ಪಾಳಿಗೆ 243. ಕೆಲಸದ ದಿನ 25 ಇದ್ದರೆ 6,075. ಹೇಗೋ ಮುಟ್ಟುತ್ತದೆ, ಒಂದು ದಿನ ಕರೆಂಟ್ ಕೈಕೊಟ್ಟರೆ ಅದೂ ಇಲ್ಲ. ಆಯುಧಪೂಜೆ, ವಿಜಯದಶಮಿ ಕಳೆದು 23 ದಿನ ಉಳಿದರೆ 5,589.

ಓವರ್‌ಟೈಮ್‌ಗೆ ಮೊದಲು ಆ 50 ನಿಮಿಷ ಹಿಡಿಯಿರಿ. ಆಪರೇಟರ್ ಊಟಕ್ಕೆ ಹೋಗಲಿ, ಮಷಿನ್ ನಿಲ್ಲುವುದು ಬೇಡ. ಪ್ರತಿ ಪಾಳಿಯ ಲೇತ್‌ನವರಲ್ಲಿ ಒಬ್ಬರಿಗೆ ಗ್ರೈಂಡಿಂಗ್ ಚೆನ್ನಾಗಿ ಕಲಿಸಿ, ಬದಲಿಗೆ ನಿಲ್ಲಿಸಿ. ಆಗ ಪಾಳಿಗೆ 136, ದಿನಕ್ಕೆ 272, 23 ದಿನಕ್ಕೆ 6,256. ಲೇತ್ ಅಷ್ಟು ಹೊತ್ತು ನಿಂತರೆ ನಷ್ಟವಿಲ್ಲ. ಅದರ ಮಾಲು ಹೇಗೂ ಕಾಯುತ್ತ ಕೂತಿದೆ. ರಾಶಿ ಒಂದು ದಿನದ್ದು, ಸುಮಾರು 270 ಪಿನ್, ಸಾಕು. ಲೇತ್‌ನಲ್ಲಿ ಸೈಜ್ ತಪ್ಪಿದ್ದು ಗ್ರೈಂಡಿಂಗ್‌ಗೆ ಬಂದಾಗಲೇ ಗೊತ್ತಾಗುವುದಾದರೆ, ದೊಡ್ಡ ರಾಶಿ ಪೂರ್ತಿ ಹಾಳು.

ಮಷಿನ್ ಪಕ್ಕ ಒಂದು ಬೋರ್ಡ್ ತೂಗುಹಾಕಿ. ಗಂಟೆಗೆ 17 ಒಳ್ಳೆಯ ಪಿನ್. ಆದದ್ದು ಎಷ್ಟು, ಕಡಿಮೆಯಾದರೆ ಏಕೆ. "ಮಷಿನ್ ಪ್ರಾಬ್ಲಂ" ಎಂದು ಬರೆದರೆ ಉಪಯೋಗವಿಲ್ಲ, "ಡ್ರೆಸ್ಸಿಂಗ್ 12 ನಿಮಿಷ" ಎಂದು ಬರೆಯಲಿ. ಸತತ ಎರಡು ಗಂಟೆ 15ಕ್ಕಿಂತ ಇಳಿದರೆ ಸೂಪರ್‌ವೈಸರ್ ಅಲ್ಲಿರಬೇಕು. ಬೋರ್ಡ್‌ನಲ್ಲಿ 12–13 ಕಾಣಿಸಿದರೆ ಮೊದಲು ಲೇತ್‌ನಿಂದ ಬಂದ ಪಿನ್‌ಗೆ ಮೈಕ್ರೋಮೀಟರ್ ಹಿಡಿಯಿರಿ. ಡ್ರಾಯಿಂಗ್‌ನಲ್ಲಿ ಗ್ರೈಂಡಿಂಗ್‌ನಲ್ಲಿ ಉಜ್ಜಿ ತೆಗೆಯಲು 0.3 ಮಿ.ಮೀ. ಬಿಡಿ ಎಂದಿದ್ದರೂ ಲೇತ್‌ನವರು ಭಯಕ್ಕೆ 0.5 ಬಿಟ್ಟಿರುತ್ತಾರೆ. 3 ನಿಮಿಷದ ಕೆಲಸ 4 ಆಗುವುದು ಹೀಗೆ.

ಆಯುಧಪೂಜೆಯ ಹಿಂದಿನ ದಿನ ಮಷಿನ್ ತೊಳೆಯಲು ಅರ್ಧ ಪಾಳಿ ಹೋಗುತ್ತದೆ, 68 ಪಿನ್ ಅದಕ್ಕೆಂದೇ ಕಳೆದುಬಿಡಿ. ಅಂದು ಕೂಲಂಟ್ (ಕಲ್ಲಿಗೆ ಹರಿಸುವ ತಂಪು ದ್ರವ) ನಿಲ್ಲಿಸಿದ ಮೇಲೆ ಕಲ್ಲನ್ನು ಐದಾರು ನಿಮಿಷ ಖಾಲಿ ತಿರುಗಿಸಿ. ಇಲ್ಲದಿದ್ದರೆ ಕೂಲಂಟ್ ಕಲ್ಲಿನ ಕೆಳಭಾಗಕ್ಕೆ ಇಳಿದು ಬ್ಯಾಲೆನ್ಸ್ ತಪ್ಪುತ್ತದೆ, ಹಬ್ಬ ಮುಗಿಸಿ ಬಂದ ಬೆಳಿಗ್ಗೆಯೇ ಪಿನ್ ಮೇಲೆ ಅಲೆಅಲೆಯಾಗಿ ಗುರುತು ಬೀಳುತ್ತದೆ.