ಹೊಸ ಡೆಬಿಯನ್‌ನಲ್ಲಿ ಹಳೆಯ ಬಿಲ್ಲಿಂಗ್ ತಂತ್ರಾಂಶ ಏಕೆ ತೆರೆಯುತ್ತಿಲ್ಲ?

ಪ್ರಶ್ನೆ: ಅವೆನ್ಯೂ ರಸ್ತೆಯಲ್ಲಿ ನಮ್ಮದೊಂದು ಪುಸ್ತಕದ ಅಂಗಡಿ ಇದೆ. ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ, ಡೆಬಿಯನ್ 10 ಇದ್ದ ಹಳೆಯ ಕಂಪ್ಯೂಟರಿನಿಂದ ಬಿಲ್ಲಿಂಗ್ ತಂತ್ರಾಂಶದ ಫೋಲ್ಡರನ್ನು ಹಾಗೆಯೇ ನಕಲು ಮಾಡಿಕೊಂಡೆ. ತೆರೆಯಲು ಹೋದರೆ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ಎಂಬ ಲೈಬ್ರರಿ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಪರಿಚಯದ ಹುಡುಗನೊಬ್ಬ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3’ ಫೈಲಿಗೆ ಆ ಹಳೆಯ ಹೆಸರಿನಲ್ಲಿ ಲಿಂಕ್ ಮಾಡಿಕೊಟ್ಟ. ಈಗ ‘ಓಪನ್‌ಎಸ್‌ಎಸ್‌ಎಲ್_1_1_0’ ಎಂಬ ಆವೃತ್ತಿ ಇಲ್ಲವೆಂದು ಬರುತ್ತಿದೆ. ತಂತ್ರಾಂಶ ಬರೆದುಕೊಟ್ಟವರು ಸೋರ್ಸ್ ಕೋಡ್ ಕೊಟ್ಟಿಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನೇ ಮತ್ತೆ ಹಾಕಬೇಕೆ? ಹಳೆಯ ಕಂಪ್ಯೂಟರನ್ನು ಈ ವಾರ ಮಾರುವವನಿದ್ದೇನೆ.

ಉತ್ತರ: ಮತ್ತೆ ಹಾಕುವ ಅಗತ್ಯವಿಲ್ಲ, ಎಷ್ಟು ಸಲ ಹಾಕಿದರೂ ಡೆಬಿಯನ್ 12ರಲ್ಲಿ ಇದೇ ಸಂದೇಶ ಬರುತ್ತದೆ. ಹಳೆಯ ಕಂಪ್ಯೂಟರನ್ನು ಮಾತ್ರ ದಯವಿಟ್ಟು ಈ ವಾರ ಮಾರಬೇಡಿ.

ನಿಮ್ಮ ಬಿಲ್ಲಿಂಗ್ ತಂತ್ರಾಂಶದೊಳಗೆ ತನಗೆ ಬೇಕಾದ ಲೈಬ್ರರಿಗಳ, ಅಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ ಫೈಲುಗಳ, ಹೆಸರುಗಳು ಸಂಖ್ಯೆಯ ಸಮೇತ ಬರೆದಿರುತ್ತವೆ. ಅದನ್ನು ತೆರೆದಾಗ ಮೊದಲು ಕೆಲಸಕ್ಕಿಳಿಯುವುದು ಈ ಲೈಬ್ರರಿಗಳನ್ನು ತಂದು ಜೋಡಿಸುವ ಲೋಡರ್. ಅದು ಆ ಹೆಸರುಗಳನ್ನು ಅಕ್ಷರ ಬಿಡದೆ ಹುಡುಕುತ್ತದೆ. ಹೆಸರಿನ ಕೊನೆಯಲ್ಲಿರುವ ಸಂಖ್ಯೆಯನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ಲೈಬ್ರರಿಯ ಒಳಗಿನ ಏರ್ಪಾಡು ಹಳೆಯ ತಂತ್ರಾಂಶಗಳಿಗೆ ಹೊಂದದಷ್ಟು ಬದಲಾದಾಗ ಅದನ್ನು ರಚಿಸಿದವರು ಈ ಸಂಖ್ಯೆಯನ್ನು ಬದಲಿಸುತ್ತಾರೆ. ನಿಮ್ಮ ತಂತ್ರಾಂಶ ಕೇಳುತ್ತಿರುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಎಂಬುದರ ಭಾಗ. ಡೆಬಿಯನ್ 10 ಮತ್ತು 11ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ 1.1.1 ಆವೃತ್ತಿ ಇತ್ತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ 3.0 ಇದೆ. ಹಾಗಾಗಿ ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಯಾವುದೂ ಕೆಟ್ಟಿಲ್ಲ, ಕಳೆದೂ ಹೋಗಿಲ್ಲ. ತಂತ್ರಾಂಶ ಕೇಳುತ್ತಿರುವ ಹಳೆಯ ಲೈಬ್ರರಿ ಅಲ್ಲಿ ಎಂದೂ ಇರಲಿಲ್ಲ.

ಲಿಂಕ್ ಮಾಡಿದ ಹುಡುಗನ ಉದ್ದೇಶ ಒಳ್ಳೆಯದೇ, ಆದರೆ ಅದರಿಂದ ಬದಲಾದದ್ದು ಹೆಸರು ಮಾತ್ರ. ಈ ಲೈಬ್ರರಿಯ ಒಳಗಿನ ಪ್ರತಿಯೊಂದು ಕಾರ್ಯಕ್ಕೂ ಆವೃತ್ತಿಯ ಗುರುತೊಂದನ್ನು ಅಂಟಿಸಿರುತ್ತಾರೆ. ಲೋಡರ್ ಬಾಗಿಲು ದಾಟಿ ಒಳಗೆ ಹೋಗಿ ನೋಡಿದಾಗ ಬೇಕಾದ ಗುರುತು ಕಾಣದೆ ನಿಂತಿದೆ. ಅದು ಹಾಗೆ ನಿಂತದ್ದು ನಿಮ್ಮ ಅದೃಷ್ಟ. ಇಂತಹ ಗುರುತುಗಳಿಲ್ಲದ ಲೈಬ್ರರಿಗಳೂ ಇವೆ; ಅವುಗಳಿಗೆ ಹೀಗೆ ಲಿಂಕ್ ಮಾಡಿದರೆ ತಂತ್ರಾಂಶ ತೆರೆದುಕೊಂಡು, ದಿನಗಟ್ಟಲೆ ಕೆಲಸ ಮಾಡಿ, ಲೆಕ್ಕದ ನಡುವೆ ಒಮ್ಮೆಲೇ ನಿಂತುಹೋಗಬಹುದು, ಇಲ್ಲವೇ ತಪ್ಪು ಲೆಕ್ಕವನ್ನೇ ಬರೆದಿಡಬಹುದು. ಆದ್ದರಿಂದ ಮೊದಲು ಆ ಲಿಂಕನ್ನು ಅಳಿಸಿ. ಅಳಿಸುವ ಮುನ್ನ ‘ಎಲ್‌ಎಸ್ -ಎಲ್’ (ls -l) ಕಮಾಂಡ್ ಕೊಟ್ಟು, ಹೆಸರಿನ ಮುಂದೆ ಬಾಣದ ಗುರುತಿದೆಯೇ ಎಂದು ನೋಡಿಕೊಳ್ಳಿ. ಬಾಣವಿಲ್ಲದ ಫೈಲನ್ನು ಮುಟ್ಟಬೇಡಿ.

ಅನಂತರ ‘ಎಲ್‌ಡಿಡಿ’ (ldd) ಎಂಬ ಕಮಾಂಡಿನ ಮುಂದೆ ನಿಮ್ಮ ತಂತ್ರಾಂಶದ ಪೂರ್ಣ ವಿಳಾಸವನ್ನು ಬರೆದು ಚಲಾಯಿಸಿ. ತೆರೆಯುವಾಗ ಬರುವ ಸಂದೇಶ ಒಂದೇ ಒಂದು ಲೈಬ್ರರಿಯ ಹೆಸರು ಹೇಳಿ ನಿಲ್ಲುತ್ತದೆ. ಎಲ್‌ಡಿಡಿಯಾದರೋ ಬೇಕಾದ ಎಲ್ಲವನ್ನೂ ಸಾಲಾಗಿ ತೋರಿಸಿ, ಇಲ್ಲದಿರುವವುಗಳ ಮುಂದೆ ‘ನಾಟ್ ಫೌಂಡ್’ ಎಂದು ಬರೆಯುತ್ತದೆ. ‘ಲಿಬ್‌ಕ್ರಿಪ್ಟೊ.ಎಸ್‌ಒ.1.1’ ಕೂಡ ಆ ಸಾಲಿನಲ್ಲಿದ್ದರೆ ಗಾಬರಿಯಾಗಬೇಡಿ, ಅವೆರಡೂ ‘ಲಿಬ್‌ಎಸ್‌ಎಸ್‌ಎಲ್1.1’ ಎಂಬ ಒಂದೇ ಪ್ಯಾಕೇಜಿನಲ್ಲಿ, ಅಂದರೆ ಡೆಬಿಯನ್ ಒದಗಿಸುವ ಫೈಲುಗಳ ಕಟ್ಟಿನಲ್ಲಿ, ಬರುತ್ತವೆ. ಬೇರೆ ಹೆಸರುಗಳಿದ್ದರೆ ‘ಆಪ್ಟ್-ಫೈಲ್’ ಎಂಬ ಸಾಧನವನ್ನು ಹಾಕಿಕೊಂಡು, ಯಾವ ಲೈಬ್ರರಿ ಯಾವ ಪ್ಯಾಕೇಜಿನಲ್ಲಿದೆ ಎಂದು ಹುಡುಕಬಹುದು. ಹಾಗೆ ಸಿಕ್ಕ ಪ್ಯಾಕೇಜನ್ನು ಡೆಬಿಯನ್ ಭಂಡಾರದಿಂದ ಪ್ಯಾಕೇಜು ತರುವ ‘ಆಪ್ಟ್’ ಮೂಲಕವೇ ಹಾಕಿ. ಫೈಲಿನ ಹೆಸರು ಬರೆದು ಅಂತರ್ಜಾಲದಲ್ಲಿ ಹುಡುಕಿ, ಯಾರೋ ಇಟ್ಟಿರುವ ಬಿಡಿ ಲೈಬ್ರರಿಯನ್ನು ಇಳಿಸಿಕೊಳ್ಳುವುದು ಹಣದ ಲೆಕ್ಕವಿರುವ ಕಂಪ್ಯೂಟರಿನಲ್ಲಿ ಮಾಡಬಾರದ ಕೆಲಸ.

ಎಲ್‌ಡಿಡಿ ‘ಇದು ಡೈನಾಮಿಕ್ ತಂತ್ರಾಂಶವಲ್ಲ’ ಎಂದರೆ, ಅಥವಾ ಕಣ್ಣೆದುರಿಗಿರುವ ಫೈಲನ್ನೇ ಇಲ್ಲವೆಂದು ಟರ್ಮಿನಲ್ ಹೇಳಿದರೆ, ನಿಮ್ಮದು 32 ಬಿಟ್ ತಂತ್ರಾಂಶವಾಗಿರಬಹುದು. ಆಗ ಪ್ಯಾಕೇಜು ನಿರ್ವಹಿಸುವ ‘ಡಿಪಿಕೆಜಿ’ ಕಮಾಂಡಿನ ಮೂಲಕ ‘ಐ386’ ಎಂಬ 32 ಬಿಟ್ ಆರ್ಕಿಟೆಕ್ಚರನ್ನು ಸೇರಿಸಿ ಲೈಬ್ರರಿಗಳನ್ನು ಆ ಬಗೆಯಲ್ಲಿಯೇ ತರಿಸಬೇಕು.

ನಿಮ್ಮ ವಿಷಯದಲ್ಲಿ ಡೆಬಿಯನ್ 12ರ ಭಂಡಾರದಲ್ಲಿ ಆ ಪ್ಯಾಕೇಜು ಸಿಗುವುದಿಲ್ಲ. ಡೆಬಿಯನ್ 11ರ ಅಧಿಕೃತ ಭಂಡಾರದಿಂದ ‘ಲಿಬ್‌ಎಸ್‌ಎಸ್‌ಎಲ್1.1’ ಒಂದನ್ನೇ ಇಳಿಸಿ ಹಾಕಿ. ಹೆಸರು ಬೇರೆಯಾದ್ದರಿಂದ ಅದು ಹೊಸ ‘ಲಿಬ್‌ಎಸ್‌ಎಸ್‌ಎಲ್3’ ಅನ್ನು ತೆಗೆದುಹಾಕದೆ ಪಕ್ಕದಲ್ಲಿಯೇ ಕೂರುತ್ತದೆ. ಇದೇ ಧೈರ್ಯದಿಂದ ‘ಲಿಬ್‌ಸಿ’ ಲೈಬ್ರರಿಯನ್ನು ಮಾತ್ರ ಎಂದಿಗೂ ಕೈಯಾರೆ ಬದಲಿಸಬೇಡಿ. ಹೆಚ್ಚುಕಡಿಮೆ ಪ್ರತಿಯೊಂದು ಕಮಾಂಡೂ ಅದನ್ನೇ ನಂಬಿಕೊಂಡಿರುವುದರಿಂದ, ತಪ್ಪನ್ನು ಸರಿಪಡಿಸಲು ಬೇಕಾದ ಕಮಾಂಡುಗಳೂ ಓಡದಂತಾಗುತ್ತದೆ.

ಒಂದು ವಿಷಯವನ್ನು ಮುಚ್ಚಿಡಲಾರೆ. ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಅದನ್ನು ರಚಿಸಿದವರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿದಿದೆ. ಡೆಬಿಯನ್ 11ರ ದೀರ್ಘಾವಧಿ ಬೆಂಬಲ 2026ರ ಆಗಸ್ಟ್ 31ರವರೆಗೆ ಮಾತ್ರ. ಓಪನ್‌ಎಸ್‌ಎಸ್‌ಎಲ್ ಇರುವುದೇ ಜಾಲದಲ್ಲಿ ಹೋಗಿಬರುವ ಮಾಹಿತಿಯನ್ನು ಕಾಯಲು. ನಿಮ್ಮ ತಂತ್ರಾಂಶ ಬಿಲ್ಲುಗಳನ್ನು ಅಂತರ್ಜಾಲದ ಮೂಲಕ ಎಲ್ಲಿಗಾದರೂ ಕಳುಹಿಸುತ್ತಿದ್ದರೆ ಈ ದಾರಿ ತಾತ್ಕಾಲಿಕವೆಂದೇ ತಿಳಿದು, ಬರೆದುಕೊಟ್ಟವರನ್ನು ಹುಡುಕಿ, ಸೋರ್ಸ್ ಕೋಡಿನಿಂದ ಡೆಬಿಯನ್ 12ಕ್ಕೆ ಹೊಂದುವಂತೆ ಮತ್ತೆ ಕಂಪೈಲ್ ಮಾಡಿಕೊಡುವಂತೆ ಒತ್ತಾಯಿಸಿ. ಸೋರ್ಸ್ ಕೋಡ್ ಅವರ ಬಳಿ ಇದ್ದರೆ ಅದು ದೊಡ್ಡ ಕೆಲಸವಾಗಲಾರದು.

ಇನ್ನು ಹಳೆಯ ಕಂಪ್ಯೂಟರಿನ ಮಾತು. ಅಲ್ಲಿಯೂ ಎಲ್‌ಡಿಡಿ ಚಲಾಯಿಸಿ, ಬಂದ ಪಟ್ಟಿಯನ್ನು ಒಂದು ಫೈಲಿನಲ್ಲಿ ಉಳಿಸಿಕೊಳ್ಳಿ. ಎಲ್ಲ ಲೈಬ್ರರಿಗಳೂ ಸಿಗುತ್ತಿದ್ದ ಸ್ಥಿತಿಯ ದಾಖಲೆ ಅದೊಂದೇ. ಕೆಲವು ತಂತ್ರಾಂಶಗಳು ಓಡುತ್ತಿರುವಾಗ, ಉದಾಹರಣೆಗೆ ಮುದ್ರಿಸುವ ಹೊತ್ತಿನಲ್ಲಿ, ಹೊಸದಾಗಿ ಲೈಬ್ರರಿಗಳನ್ನು ತೆರೆಯುತ್ತವೆ ಮತ್ತು ಅವು ಎಲ್‌ಡಿಡಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ ಬಿಲ್ಲೊಂದನ್ನು ಮುದ್ರಿಸಿ, ಹಿಂದಿನ ತಿಂಗಳ ಲೆಕ್ಕವನ್ನು ತೆಗೆದು, ಬ್ಯಾಕಪ್ ಮಾಡಿ ನೋಡಿದ ಮೇಲೆಯೇ ಹಳೆಯದನ್ನು ಮಾರಿ.